ಅವ್ವನ ಪದ್ಯದಲ್ಲಿ ಅವಳ ಗೆಳತಿ ಎಲ್ಲಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು. ಬಹುಮಟ್ಟಿಗೆ ಆಡಿದ ಹಾಗೆಯೇ ಕೊಟ್ಟಿದೆ.)

ಗೆಳೆಯರೇ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿರುವ ಗೆಳತಿಯರೇ,

ಮೊದಲು ಹಿಂದಿನ ಸಾಲಿನವರು ಮುಂದಕ್ಕೆ ಬನ್ನಿ. ಜಾಗ ಬಿಡ್ರಪ್ಪ. ಇವತ್ತಿನ ಮಾತು ನಿಮ್ಮದು, ನೀವೇ ಹಿಂದೆ ಕೂತರೆ ಹೇಗೆ?

ಕರೆದವರು ನಮಗೆ 'ಸಾಹಿತ್ಯದಲ್ಲಿ ತಾಯಿ' ಅಂತ ವಿಷಯ ಕೊಟ್ಟಿದ್ದಾರೆ. ಸುಲಭದ ವಿಷಯ ಅಂದ್ಕೊಂಡು ಒಪ್ಪಿಕೊಂಡೆವು. ತಾಯಿ ಅಂದರೆ ಸಾಕು, ಎರಡು ಕಣ್ಣೀರು, ಮೂರು ಚಪ್ಪಾಳೆ ಗ್ಯಾರಂಟಿ. ಆದರೆ ಒಂದು ಘಟನೆ ನಡೆದು ಆ ಸುಲಭ ಎಲ್ಲಾ ಕೆಟ್ಟು ಹೋಯ್ತು. ಅದನ್ನೇ ಮೊದಲು ಹೇಳಿಬಿಡ್ತೀವಿ.

ನಾವು ಅವ್ವನ ಮೇಲೆ ಒಂದು ಪದ್ಯ ಬರೆದಿದ್ದೆವು. ಯಾರು ಬರೆದಿಲ್ಲ ಹೇಳಿ. ಲಂಕೇಶರ 'ಅವ್ವ' ಓದಿದ ದಿನವೇ ಕರ್ನಾಟಕದ ಅರ್ಧ ಹುಡುಗರು ಪೆನ್ನು ಹಿಡಿದಿರಬೇಕು. ನಮ್ಮ ಪದ್ಯದಲ್ಲಿ ಎಲ್ಲಾ ಇತ್ತು. ಬಿಸಿಲು ಇತ್ತು, ಬೆನ್ನು ಇತ್ತು, ಒಡೆಯನ ಗದ್ದೆಯ ಕೆಸರು ಇತ್ತು, ಹರಿದ ಸೀರೆ, ಒಣಗಿದ ಮೊಲೆ, ಕೊನೆಗೆ ಸೂರ್ಯ ಕೂಡ ಇದ್ದ. ಎರಡು ಕಡೆ ಓದಿದೆವು, ಜನ ಮೆಚ್ಚಿದರು. ರಜೆಗೆ ಊರಿಗೆ ಹೋದಾಗ ಅವ್ವನಿಗೇ ಓದಿ ಹೇಳೋಣ ಅಂತ ಆಸೆಯಾಯ್ತು. ರಾತ್ರಿ ಉಂಡ ಮೇಲೆ ಓದಿದೆವು. ಅವ್ವ ಕಡ್ಡಿಪುಡಿ ಬಾಯಿಗೆ ಹಾಕ್ಕೊಂಡು ಪೂರ್ತಿ ಕೇಳಿದಳು. ಅಳಲಿಲ್ಲ. ಆಮೇಲೆ ಅಂದಳು: "ಎಲ್ಲಾ ಸರಿ ಕನ್ ಮಗ. ಇದ್ರಲ್ಲಿ ಅವ್ಳೆಲ್ಲವ್ಳೆ?"

ಅವಳು ಅಂದರೆ ಯಾರು? ನಮಗೆ ಒಂದು ನಿಮಿಷ ಹೊಳೆಯಲಿಲ್ಲ. ಅವಳು ಅಂದರೆ ಹಿಂದಿನ ಗುಡಿಸಲಿನ ಅತ್ತೆ. ಹೆಸರು ಇಲ್ಲಿ ಬೇಡ. ನಾವು ಮೂರು ತಿಂಗಳ ಕೂಸಾಗಿದ್ದಾಗ ಅವ್ವನಿಗೆ ಜ್ವರ ಬಂದು ಹಾಲು ಬತ್ತಿಹೋಗಿತ್ತಂತೆ. ಆಗ ತನ್ನ ಮಗಳಿಗೆ ಒಂದು ಕಡೆ, ನಮಗೆ ಒಂದು ಕಡೆ ಅಂತ ಹಾಲು ಕೊಟ್ಟವಳು ಆಕೆ. ನಾವು ಪಿಯುಸಿ ಸೇರುವಾಗ ಬಸ್ಸಿನ ದುಡ್ಡಿಗೆ ಕಿವಿಯೋಲೆ ಅಡ ಇಟ್ಟವಳೂ ಆಕೆಯೇ. ಇದನ್ನೆಲ್ಲಾ ನಾವು ಬಲ್ಲೆವು. ಸುಳ್ಳು ಹೇಳೋದು ಬೇಡ, ಬಲ್ಲೆವು. ಆದರೂ ಪದ್ಯ ಬರೆಯೋಕೆ ಕೂತಾಗ ಆಕೆ ನೆನಪಿಗೆ ಬರಲಿಲ್ಲ. ಅವ್ವನನ್ನು ಒಬ್ಬಳೇ ಬಯಲಲ್ಲಿ ನಿಲ್ಲಿಸಿ ಬಿಸಿಲು ಹೊಡೆಸಿದೆವು. ಅವಳಿಗೆ ಒಬ್ಬ ಗೆಳತಿಯನ್ನೂ ಕೊಡಲಿಲ್ಲ.

ಅವತ್ತಿನಿಂದ ನಮ್ಮ ಹಾಡು, ಪದ್ಯ, ಕತೆ ಎಲ್ಲವನ್ನೂ ಇದೇ ಕಣ್ಣಲ್ಲಿ ನೋಡ್ತಾ ಬಂದಿದ್ದೇವೆ. ನಮ್ಮ ತಾಯಂದಿರು ಹೊರುತ್ತಾರೆ, ಹೆರುತ್ತಾರೆ, ಹಸಿಯುತ್ತಾರೆ, ಸಾಯುತ್ತಾರೆ. ಇನ್ನೊಬ್ಬ ಹೆಂಗಸಿನ ಜೊತೆ ಕೂತು ನಗುವುದಿಲ್ಲ. ಒಬ್ಬರ ತಲೆ ಒಬ್ಬರು ನೋಡುವುದಿಲ್ಲ. ಗಂಡನನ್ನು ಬೈದುಕೊಳ್ಳುವುದಿಲ್ಲ. ಮಕ್ಕಳು ಸಾಕಪ್ಪಾ ಸಾಕು ಅನ್ನುವುದಿಲ್ಲ. ಕೇರಿಯಲ್ಲಿ ಹುಟ್ಟಿ ಬೆಳೆದ ನಮಗೆ ಇದು ಸುಳ್ಳು ಚಿತ್ರ ಅಂತ ಗೊತ್ತಿಲ್ವಾ? ಗೊತ್ತು. ಆದರೂ ಬರೆಯುತ್ತೇವೆ, ಯಾಕೆಂದರೆ ತಾಯಿ ನಮಗೆ ಬೇಕಾಗಿರುವುದು ಬಾವುಟವಾಗಿ. ಬಾವುಟಕ್ಕೆ ಗೆಳತಿ ಯಾಕೆ?

ಈ ತಪ್ಪನ್ನು ನಮಗೆ ಬಿಡಿಸಿ ತೋರಿಸಿದವರು ದೂರದ ಹೆಂಗಸರು. ಅಮೆರಿಕದ ಕರಿಯ ಹೆಂಗಸರು. ಅವರ ಬಗ್ಗೆ ಹೇಳೋಣ ಅಂತಲೇ ಇವತ್ತು ಬಂದದ್ದು.

ಅಮೆರಿಕದ ಕರಿಯರು ನಮಗೆ ಹೊಸಬರೇನಲ್ಲ. ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು ಅದನ್ನು ಅರ್ಪಿಸಿದ್ದೇ ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ದುಡಿದ ಜನರಿಗೆ. ಬಾಬಾಸಾಹೇಬರು 1946ರಲ್ಲಿ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ತಮ್ಮ ಸಂಘಟನೆಗೆ ತಂದುಕೊಂಡರು. ಇದೆಲ್ಲ ನಮ್ಮ ಸ್ಟಡಿ ಸರ್ಕಲ್ಲಿನಲ್ಲಿ ಬಾಯಿಪಾಠ. ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಮ್ ಎಕ್ಸ್ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೇವೆ. ಒಂದು ಹೆಂಗಸಿನ ಹೆಸರು ಹೇಳಿ ಅಂದರೆ? ಸುಮ್ಮನಾಗ್ತೇವೆ. ನಾವೂ ಸುಮ್ಮನಾಗಿದ್ದವರೇ.

ಟೋನಿ ಮಾರಿಸನ್ ಅಂತ ಒಬ್ಬಾಕೆ. 1931ರಲ್ಲಿ ಓಹಾಯೋ ರಾಜ್ಯದ ಲೊರೇನ್ ಅನ್ನೋ ಊರಲ್ಲಿ ಹುಟ್ಟಿದರು, 2019ರಲ್ಲಿ ತೀರಿಕೊಂಡರು. 1993ರಲ್ಲಿ ನೊಬೆಲ್ ಬಂತು. ಇದಕ್ಕಿಂತ ಮುಖ್ಯವಾದ ಮಾತು ಏನಂದರೆ, ಗಂಡನಿಂದ ಬೇರೆಯಾಗಿ ಎರಡು ಗಂಡು ಮಕ್ಕಳನ್ನು ಸಾಕಿಕೊಂಡು, ಪ್ರಕಾಶನ ಸಂಸ್ಥೆಯಲ್ಲಿ ಹಗಲು ಕೆಲಸ ಮಾಡಿಕೊಂಡು, ಮಕ್ಕಳು ಏಳೋ ಮುಂಚೆ ಬೆಳಗಿನ ಜಾವ ಎದ್ದು ಬರೆದವರು. ತಾಯ್ತನ ಅಂದರೇನು ಅಂತ ಪುಸ್ತಕ ಓದಿ ತಿಳಿದವರಲ್ಲ.

ಆಕೆಯ 'ಬಿಲವೆಡ್' ಅನ್ನೋ ಕಾದಂಬರಿ 1987ರಲ್ಲಿ ಬಂತು. ಅದರ ಹಿಂದೆ ಒಂದು ನಿಜ ಘಟನೆ ಇದೆ. ಅದಕ್ಕೂ ಹಿಂದೆ ಒಂದು ಕಾನೂನು ಇದೆ. ಕಾನೂನಿನಿಂದಲೇ ಶುರು ಮಾಡೋಣ.

1662ರಲ್ಲಿ ವರ್ಜೀನಿಯಾದ ಬಿಳಿಯರು ಒಂದು ಕಾಯಿದೆ ಮಾಡಿದರು. ಹುಟ್ಟಿದ ಮಗು ಗುಲಾಮನೋ ಸ್ವತಂತ್ರನೋ ಅನ್ನೋದು ತಾಯಿಯ ಸ್ಥಿತಿ ನೋಡಿ ತೀರ್ಮಾನ. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅಪ್ಪ ಯಾರಾದರೂ ಆಗಿರಲಿ. ಯಾಕೆ ಹೀಗೆ ಮಾಡಿದರು ಅಂತ ಯೋಚನೆ ಮಾಡಿ. ಬಿಳಿ ಒಡೆಯ ಗುಲಾಮಳ ಮೈಮೇಲೆ ಬೀಳ್ತಾನೆ. ಮಗು ಹುಟ್ಟುತ್ತೆ. ಈ ಕಾಯಿದೆ ಪ್ರಕಾರ ಆ ಮಗು ಅವನ ಮಗ ಅಲ್ಲ, ಅವನ ಆಸ್ತಿ. ಅವನ ಹೊಲಸು ಕೆಲಸದಿಂದ ಅವನ ಕೊಟ್ಟಿಗೆ ತುಂಬುತ್ತೆ. ಹೆಂಗಸಿನ ಹೊಟ್ಟೆ ಅಂದರೆ ಒಡೆಯನ ಗೋದಾಮು. ನಮ್ಮಲ್ಲಿ ಜಾತಿ ಅಪ್ಪನ ಕಡೆಯಿಂದ ಬರುತ್ತೆ ಅಂತಾರೆ. ಆದರೆ ಊರಿನ ಒಡೆಯ ಕೇರಿಯ ಹೆಂಗಸನ್ನು ಕೆಡಿಸಿದಾಗ ಹುಟ್ಟಿದ ಕೂಸು ಯಾವ ಅಪ್ಪನ ಕಡೆ ಹೋಯ್ತು? ಕೇರಿಯಲ್ಲೇ ಉಳೀತು. ಅಲ್ಲಿ ಕಾಯಿದೆ ಬರೆದು ಮಾಡಿದ್ದನ್ನು ಇಲ್ಲಿ ಬರೆಯದೇ ಮಾಡಿದರು. ಎರಡೂ ಒಂದೇ ಅಂತ ನಾವು ಹೇಳ್ತಿಲ್ಲ. ಅಲ್ಲಿ ಕೂಸನ್ನು ತಾಯಿಯ ಕಣ್ಣೆದುರೇ ಹರಾಜಿಗೆ ಇಡುತ್ತಿದ್ದರು. ಇಲ್ಲಿ ಹರಾಜಿರಲಿಲ್ಲ, ಜೀತ ಇತ್ತು. ಅಪ್ಪನ ಸಾಲಕ್ಕೆ ಮಗ ದನ ಕಾಯಲು ಹೋಗುತ್ತಿದ್ದ. ಜೀತ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ನಿಮ್ಮ ತಾತಂದಿರನ್ನು ಕೇಳಿ ನೋಡಿ, ಕಾನೂನು ಬಂದ ದಿನವೇ ಮನೆಗೆ ಬಂದರಾ ಅಂತ.

ಇನ್ನು ನಿಜ ಘಟನೆ. 1856ರ ಜನವರಿ. ಕೆಂಟಕಿ ರಾಜ್ಯದಲ್ಲಿ ಗುಲಾಮಗಿರಿ ಇತ್ತು. ನದಿಯಾಚೆ ಓಹಾಯೋದಲ್ಲಿ ಇರಲಿಲ್ಲ. ಓಹಾಯೋ ನದಿ ಹೆಪ್ಪುಗಟ್ಟಿತ್ತು. ಮಾರ್ಗರೆಟ್ ಗಾರ್ನರ್ ಅನ್ನೋ ಹೆಂಗಸು ಗಂಡ ಮಕ್ಕಳ ಜೊತೆ ಆ ಮಂಜುಗಡ್ಡೆ ಮೇಲೆ ನಡೆದು ದಾಟಿ ಸಿನ್ಸಿನಾಟಿ ಸೇರಿದಳು. ಬೆನ್ನಿಗೇ ಹಿಡಿಯುವವರು ಬಂದರು. 1850ರ ಕಾಯಿದೆ ಪ್ರಕಾರ ಓಡಿಹೋದ ಗುಲಾಮರನ್ನು ಸ್ವತಂತ್ರ ರಾಜ್ಯದಲ್ಲೂ ಹಿಡಿದು ಒಯ್ಯಬಹುದಿತ್ತು. ಮನೆಗೆ ಮುತ್ತಿಗೆ ಹಾಕಿದರು. ಮಾರ್ಗರೆಟ್ ತನ್ನ ಎರಡು ವರ್ಷದ ಮಗಳ ಕತ್ತು ಕೊಯ್ದಳು. ಮಿಕ್ಕ ಮಕ್ಕಳನ್ನೂ ಕೊಲ್ಲೋಕೆ ಹೋದಾಗ ಹಿಡಿದುಬಿಟ್ಟರು.

ಆಮೇಲೆ ಕೋರ್ಟಿನಲ್ಲಿ ನಡೆದ ವಾದ ಕೇಳಿದರೆ ತಲೆ ತಿರುಗುತ್ತೆ. ಅವಳ ಪರವಾಗಿದ್ದವರು ಕೇಳಿದ್ದು: ಇವಳ ಮೇಲೆ ಕೊಲೆ ಕೇಸು ಹಾಕಿ! ಯಾಕೆ? ಕೊಲೆ ಕೇಸು ಹಾಕಬೇಕಾದರೆ ಅವಳು ಮನುಷ್ಯಳಾಗಿರಬೇಕು, ಸತ್ತ ಕೂಸೂ ಮನುಷ್ಯ ಆಗಿರಬೇಕು, ಅವಳು ಅದರ ತಾಯಿ ಆಗಿರಬೇಕು. ಒಡೆಯ ಕೇಳಿದ್ದು: ನನ್ನ ಮಾಲು ನನಗೆ ವಾಪಸ್ ಕೊಡಿ. ಕೊನೆಗೆ ಮಾಲು ಅಂತಲೇ ತೀರ್ಮಾನ ಆಯ್ತು. ವಾಪಸ್ ಕಳಿಸಿದರು. ದಕ್ಷಿಣಕ್ಕೆ ಸಾಗಿಸುವಾಗ ಹಡಗು ಅಪಘಾತವಾಗಿ ಅವಳ ಹಸುಗೂಸೂ ನೀರುಪಾಲಾಯ್ತು. 1858ರಲ್ಲಿ ಅವಳೂ ಟೈಫಾಯಿಡ್‌ನಿಂದ ಸತ್ತಳು. ಕೊಲೆಗಾರ್ತಿ ಅನ್ನಿಸಿಕೊಳ್ಳುವ ಮರ್ಯಾದೆಯೂ ಆ ತಾಯಿಗೆ ಸಿಗಲಿಲ್ಲ.

ಮಾರಿಸನ್ ತಾವು ಕೆಲಸ ಮಾಡುತ್ತಿದ್ದ ಪ್ರಕಾಶನದಲ್ಲಿ 1974ರಲ್ಲಿ ಕರಿಯರ ಚರಿತ್ರೆಯ ತುಣುಕುಗಳ ಒಂದು ದೊಡ್ಡ ಸಂಕಲನ ತರೋಕೆ ದುಡಿದಿದ್ದರು. ಅದರಲ್ಲಿ ಈ ಹೆಂಗಸಿನ ಬಗ್ಗೆ ಒಂದು ಹಳೇ ಪತ್ರಿಕೆಯ ತುಣುಕು ಇತ್ತು. ಅದು ಮನಸ್ಸಲ್ಲಿ ಕೂತು, ಹತ್ತು ಹನ್ನೆರಡು ವರ್ಷ ಆದ ಮೇಲೆ ಕಾದಂಬರಿ ಆಯ್ತು.

ಕಾದಂಬರಿಯಲ್ಲಿ ತಾಯಿಯ ಹೆಸರು ಸೆಥೆ. ಓಡಿಹೋಗೋ ಮುಂಚೆ ಅವಳು ತನ್ನ ಮೂರು ಮಕ್ಕಳನ್ನು ಮುಂದೆ ಕಳಿಸಿದ್ದಾಳೆ. ಅದರಲ್ಲಿ ಇನ್ನೂ ಅಂಬೆಗಾಲಿಡುವ ಒಂದು ಹೆಣ್ಣು ಕೂಸು. ಅದಕ್ಕೆ ಕೊಡೋಕೆ ಎದೆಯಲ್ಲಿ ಹಾಲು ಇದೆ. ಹೊಟ್ಟೆಯಲ್ಲಿ ಇನ್ನೊಂದು. ಆಗ ಒಡೆಯನ ಮನೆಯ ಇಬ್ಬರು ಹುಡುಗರು ಅವಳನ್ನು ಕೊಟ್ಟಿಗೆಯಲ್ಲಿ ಕೆಡವಿ ಆ ಹಾಲನ್ನು ಹೀರಿಬಿಡುತ್ತಾರೆ. ಅವರ ಮೇಷ್ಟ್ರು ಅನ್ನಿಸಿಕೊಂಡವನು ನಿಂತು ನೋಡಿ ಟಿಪ್ಪಣಿ ಬರೆದುಕೊಳ್ಳುತ್ತಾನೆ. ಹೇಳಿಕೊಟ್ಟಳು ಅಂತ ಬೆನ್ನ ಚರ್ಮ ಸುಲಿಯೋ ಹಾಗೆ ಬಾರಿಸುತ್ತಾರೆ. ವರ್ಷಗಳಾದ ಮೇಲೆ ಸೆಥೆ ಈ ಕತೆ ಹೇಳುವಾಗ ಕೇಳಿದವನಿಗೆ ಬೆನ್ನಿನ ಏಟೇ ದೊಡ್ಡದಾಗಿ ಕಾಣುತ್ತೆ. ಅವಳು ಮತ್ತೆ ಮತ್ತೆ ಹೇಳೋದು ಹಾಲಿನ ಮಾತು. ಗಂಡಸಿಗೆ ಬೆನ್ನು ಅರ್ಥ ಆಗುತ್ತೆ, ಹಾಲು ಅರ್ಥ ಆಗಲ್ಲ. ಇಲ್ಲಿಗೆ ಬಂದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂತೆವು. ನಮ್ಮ ಪದ್ಯದಲ್ಲೂ ಬೆನ್ನೇ ಇತ್ತಲ್ಲ. ಹಾಲು ಯಾರದು ಅಂತ ಬರೆದಿರಲಿಲ್ಲವಲ್ಲ.

ಆ ಬೆನ್ನಿನೊಂದಿಗೆ ಸೆಥೆ ಓಡ್ತಾಳೆ. ಕಾಲು ಊದಿ ನಡೆಯೋಕಾಗದೆ ಕಾಡಿನಲ್ಲಿ ಬಿದ್ದಿರುವಾಗ ಒಬ್ಬ ಹುಡುಗಿ ಸಿಗ್ತಾಳೆ. ಬಿಳಿ ಹುಡುಗಿ! ಆಮಿ ಡೆನ್ವರ್ ಅಂತ. ಅವಳೂ ಓಡಿ ಬಂದವಳೇ. ತಾಯಿ ಮಾಡಿದ ಸಾಲ ತೀರಿಸೋಕೆ ಜೀತಕ್ಕಿದ್ದವಳು. ಒಂದು ಚೂರು ಮಖಮಲ್ಲಿನ ಆಸೆಗೆ ಬಾಸ್ಟನ್ ಊರಿಗೆ ಹೊರಟವಳು, ಬಾಯಿಬಡುಕಿ. ಅವಳು ಸೆಥೆಯ ಕಾಲು ತಿಕ್ಕುತ್ತಾಳೆ, ಬೆನ್ನಿನ ಗಾಯಕ್ಕೆ ಜೇಡರಬಲೆ ಅಂಟಿಸುತ್ತಾಳೆ, ನದಿ ದಡದ ಹಳೇ ದೋಣಿಯಲ್ಲಿ ಹೆರಿಗೆ ಮಾಡಿಸುತ್ತಾಳೆ. ಆಮೇಲೆ ಹೊರಟುಹೋಗುತ್ತಾಳೆ. ಮತ್ತೆ ಇಬ್ಬರೂ ನೋಡೋದಿಲ್ಲ. ಹುಟ್ಟಿದ ಮಗುವಿಗೆ ಸೆಥೆ ಇಡೋ ಹೆಸರು ಡೆನ್ವರ್. ಒಂದು ರಾತ್ರಿಯ ಗೆಳೆತನ ಅಷ್ಟೆ. ನಮ್ಮ ಕೇರಿಗೆ ಮೇಲ್ಜಾತಿ ಹೆಂಗಸೊಬ್ಬಳು ಹೀಗೆ ಬಂದದ್ದು ನಾವಂತೂ ಕಂಡಿಲ್ಲ. ಬಂದರೆ ಅವಳೂ ಈ ಹುಡುಗಿಯ ಹಾಗೆ ತನ್ನ ಮನೆಯಿಂದ ಓಡಿಬಂದವಳೇ ಆಗಿರಬೇಕು, ಕಾರಿನಲ್ಲಿ ಬಂದವಳಲ್ಲ.

ಸೆಥೆ ಅತ್ತೆಯ ಮನೆ ಸೇರ್ತಾಳೆ. 28 ದಿನ ಸ್ವತಂತ್ರವಾಗಿ ಬದುಕ್ತಾಳೆ. 28 ದಿನ! ಆ ಅತ್ತೆ, ಬೇಬಿ ಸಗ್ಸ್, ಎಂಟು ಹೆತ್ತವಳು. ಒಬ್ಬ ಮಗನನ್ನು ಬಿಟ್ಟರೆ ಯಾರನ್ನೂ ದೊಡ್ಡವರಾಗುವವರೆಗೆ ಅವಳ ಬಳಿ ಬಿಡಲಿಲ್ಲ. ಈ ಅತ್ತೆ ಒಂದು ದಿನ ಖುಷಿಗೆ ಅಂತ ಊಟ ಹಾಕ್ತಾಳೆ. ಎರಡು ಬಕೆಟ್ ಹಣ್ಣಿನಿಂದ ಶುರುವಾಗಿ ತೊಂಬತ್ತು ಜನ ಉಣ್ಣೋವರೆಗೆ ಹೋಗುತ್ತೆ. ಉಂಡವರಿಗೆ ಮಾರನೇ ದಿನ ಹೊಟ್ಟೆಕಿಚ್ಚು. ಇವರಿಗೆ ಎಲ್ಲಿಂದ ಬಂತು ಇಷ್ಟು? ಇವರೇನು ನಮಗಿಂತ ಮೇಲಾ? ಹಿಡಿಯೋರು ಕುದುರೆ ಮೇಲೆ ಬಂದಾಗ, ನೋಡಿದರೂ ಒಬ್ಬರೂ ಓಡಿ ಬಂದು ಸುದ್ದಿ ಹೇಳೋದಿಲ್ಲ. ಸೆಥೆ ಮಗಳನ್ನು ಕೊಲ್ಲುತ್ತಾಳೆ. ಒಡೆಯರು ಮಾಡಿದ್ದನ್ನು ಬರೆದರೆ ನಾವು ಚಪ್ಪಾಳೆ ಹೊಡೆಯುತ್ತೇವೆ. ನಮ್ಮವರೇ ಬಾಗಿಲು ಹಾಕಿಕೊಂಡದ್ದನ್ನು ಬರೆಯೋಕೆ ಬೇರೆ ಗಟ್ಟಿತನ ಬೇಕು. ಮಾರಿಸನ್ ಬರೆದಿದ್ದಾರೆ. ನಮ್ಮ ಕೇರಿಯಲ್ಲಿ ಒಬ್ಬನಿಗೆ ಕೆಲಸ ಸಿಕ್ಕಿ ಹೆಂಚಿನ ಮನೆ ಕಟ್ಟಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾ?

ಹದಿನೆಂಟು ವರ್ಷ ಆ ಮನೆ ಕಡೆ ಯಾರೂ ಬರೋದಿಲ್ಲ. ಕತೆ ನಡೆಯೋ ವರ್ಷ 1873. ಫುಲೆಯವರ 'ಗುಲಾಮಗಿರಿ' ಬಂದ ಅದೇ ವರ್ಷ ನೋಡಿ. ಸತ್ತ ಮಗಳು ದೊಡ್ಡ ಹುಡುಗಿಯಾಗಿ ಮನೆಗೆ ಬಂದು ತಾಯಿಯನ್ನು ತಿನ್ನೋಕೆ ಶುರು ಮಾಡ್ತಾಳೆ. ದೆವ್ವದ ಕತೆ ಅಂತ ನಗಬೇಡಿ, ನಮ್ಮೂರಲ್ಲಿ ಹೆತ್ತು ಕಳಕೊಂಡ ಹೆಂಗಸಿನ ಮೈಮೇಲೆ ಯಾರು ಬರ್ತಾರೆ ಅಂತ ಗೊತ್ತಲ್ಲ. ಆಗ ದೋಣಿಯಲ್ಲಿ ಹುಟ್ಟಿದ ಆ ಮಗಳು, ಡೆನ್ವರ್, ಹಸಿವು ತಡೀಲಾರದೆ ಅಂಗಳ ದಾಟಿ ಹೋಗಿ ಕೆಲಸ ಕೇಳುತ್ತಾಳೆ. ಮಾರನೇ ದಿನದಿಂದ ಮನೆ ಮುಂದಿನ ಮರದ ಬೊಡ್ಡೆ ಮೇಲೆ ಯಾರೋ ಊಟ ಇಟ್ಟು ಹೋಗ್ತಾರೆ. ಪಾತ್ರೆ ವಾಪಸ್ ಕೊಡಬೇಕಲ್ಲ ಅಂತ ಕಾಗದದ ಚೂರಿನಲ್ಲಿ ಹೆಸರು. ಪಾತ್ರೆ ಕೊಡೋಕೆ ಹೋದಾಗ ಎರಡು ಮಾತು. ಹೀಗೆ ಪಾತ್ರೆಯಿಂದ ಪಾತ್ರೆಗೆ ಗೆಳೆತನ ಮತ್ತೆ ಹುಟ್ಟುತ್ತೆ. ಒಂದು ದಿನ ಮೂವತ್ತು ಹೆಂಗಸರು ಆ ಮನೆ ಮುಂದೆ ಬಂದು ನಿಂತು ಹಾಡ್ತಾರೆ. ಅವರ ಮುಂದಾಳು ಸೆಥೆಯನ್ನು ಒಪ್ಪಿದವಳಲ್ಲ. ಆದರೆ ತಾನೂ ಒಂದು ಕಾಲದಲ್ಲಿ, ತನ್ನನ್ನು ಕೂಡಿಹಾಕಿ ಕೆಡಿಸಿದವನ ಕೂಸಿಗೆ ಹಾಲು ಕೊಡದೆ ಬಿಟ್ಟವಳು. ತಪ್ಪು ಸರಿ ಆಮೇಲೆ, ಮೊದಲು ಅವಳನ್ನು ಉಳಿಸೋಣ ಅಂತ ಬಂದವಳು. ದೆವ್ವ ಹೋಗುತ್ತೆ. ಮಂತ್ರ ಹಾಕಿದ್ದು ಯಾವ ಪೂಜಾರಿಯೂ ಅಲ್ಲ, ನೆರೆಮನೆಯವರು.

ಇಷ್ಟು ಹೊತ್ತು ಒಂದೇ ಪುಸ್ತಕ ಹೇಳಿದೆವು. ಅವರ ಇನ್ನೊಂದು ಕಾದಂಬರಿ 'ಸೂಲಾ', 1973ರದ್ದು, ನಮಗೆ ಅದೇ ಹೆಚ್ಚು ಹತ್ತಿರ. ಚಿಕ್ಕದು ಕೂಡ. ಅದರಲ್ಲಿ ಒಂದು ಕರಿಯರ ಕೇರಿ ಇದೆ. ಗುಲಾಮನೊಬ್ಬನಿಗೆ ಒಡೆಯ ತಗ್ಗಿನ ಫಲವತ್ತು ಭೂಮಿ ಕೊಡ್ತೀನಿ ಅಂತ ದುಡಿಸಿಕೊಂಡು, ಕೊನೆಗೆ ಗುಡ್ಡದ ಮೇಲಿನ ಗೊಡ್ಡು ಭೂಮಿ ತೋರಿಸಿ, ದೇವರು ಮೇಲಿಂದ ನೋಡಿದರೆ ಇದೇ ತಗ್ಗು ಅಂದನಂತೆ. ನಮಗೆ ಸರ್ಕಾರ ಕೊಟ್ಟ ಜಮೀನು ನೆನಪಾಯ್ತಾ? ಇರಲಿ.

ಆ ಕೇರಿಯಲ್ಲಿ ಈವಾ ಅನ್ನೋ ತಾಯಿ. ಗಂಡ ಮೂರು ಮಕ್ಕಳು ಕೊಟ್ಟು ಬಿಟ್ಟುಹೋದಾಗ ಮನೆಯಲ್ಲಿದ್ದದ್ದು ಒಂದೂವರೆ ಡಾಲರಿಗಿಂತ ಸ್ವಲ್ಪ ಹೆಚ್ಚು ದುಡ್ಡು, ಐದು ಮೊಟ್ಟೆ, ಮೂರು ಬೀಟ್‌ರೂಟು. ಮಕ್ಕಳನ್ನು ನೆರೆಯವಳ ಹತ್ತಿರ ಬಿಟ್ಟು ನಾಳೆ ಬರ್ತೀನಿ ಅಂತ ಹೋದವಳು ಹದಿನೆಂಟು ತಿಂಗಳಾದ ಮೇಲೆ ಬರ್ತಾಳೆ. ಕೈಯಲ್ಲಿ ದುಡ್ಡಿದೆ, ಒಂದು ಕಾಲು ಇಲ್ಲ. ರೈಲಿನ ಕೆಳಗೆ ಕಾಲಿಟ್ಟು ಪರಿಹಾರ ತಗೊಂಡಳು ಅಂತ ಜನ ಆಡಿಕೊಳ್ತಾರೆ. ಎಲ್ಲರೂ ಈವಾಳ ಕಾಲಿನ ಬಗ್ಗೆಯೇ ಬರೀತಾರೆ. ನಾವು ಕೇಳೋದು, ಹದಿನೆಂಟು ತಿಂಗಳು ಆ ಮೂರು ಮಕ್ಕಳಿಗೆ ಉಣ್ಣಿಸಿದ ನೆರೆಯವಳ ಬಗ್ಗೆ ಯಾರು ಬರೀತಾರೆ?

ಈ ಈವಾಳನ್ನು ಬೆಳೆದ ಮಗಳು ಒಂದು ದಿನ ಬೀನ್ಸ್ ಬಿಡಿಸೋ ಪಾತ್ರೆ ಹಿಡ್ಕೊಂಡು ಬಂದು, ನೀನು ನಮ್ಮನ್ನು ಯಾವಾಗಾದರೂ ಪ್ರೀತಿಸಿದ್ದೀಯಾ ಅಂತ ಕೇಳ್ತಾಳೆ. ನಮ್ಮ ಜೊತೆ ಯಾವತ್ತಾದರೂ ಆಡಿದ್ದೀಯಾ ಅಂತ. ಈವಾ ಕೆರಳ್ತಾಳೆ. ನಿಮ್ಮನ್ನು ಸಾಯದೆ ಉಳಿಸೋದರಲ್ಲೇ ದಿನ ಮುಗೀತಿತ್ತು, ಆಡೋಕೆ ಪುರುಸೊತ್ತು ಯಾರಿಗಿತ್ತು ಅನ್ನೋದು ಅವಳ ಉತ್ತರದ ತಿರುಳು. ಗೆಳೆಯರೇ, ಹಾಸ್ಟೆಲಿನಿಂದ ಊರಿಗೆ ಹೋದಾಗ ಅವ್ವ ಪ್ರೀತಿಯಾಗಿ ಮಾತಾಡಿಸಲಿಲ್ಲ, ಬೈದಳು, ಸಿನಿಮಾದ ತಾಯಿ ಹಾಗಿಲ್ಲ ಅಂತ ಮುನಿಸಿಕೊಂಡವರು ಎಷ್ಟು ಜನ ಇದ್ದೀವಿ ಇಲ್ಲಿ? ಮುದ್ದು ಮಾಡೋಕೂ ಪುರುಸೊತ್ತು ಬೇಕು. ಪುರುಸೊತ್ತು ಇರೋರ ಮನೆಯ ತಾಯ್ತನವನ್ನೇ ತಾಯ್ತನ ಅಂತ ನಮಗೆ ಪಠ್ಯದಲ್ಲಿ ಓದಿಸಿದ್ದಾರೆ.

ಕಾದಂಬರಿಯ ಜೀವ ಇಬ್ಬರು ಹುಡುಗಿಯರಲ್ಲಿದೆ. ನೆಲ್, ಸೂಲಾ. ಹನ್ನೆರಡು ವರ್ಷದವರು, ಜೀವದ ಗೆಳತಿಯರು. ಅವರ ಆಟದಲ್ಲಿ ಒಬ್ಬ ಚಿಕ್ಕ ಹುಡುಗ ಸೂಲಾಳ ಕೈಜಾರಿ ನದಿಗೆ ಬಿದ್ದು ಸಾಯ್ತಾನೆ. ಇಬ್ಬರೂ ಬಾಯಿ ಬಿಡೋದಿಲ್ಲ. ನೆಲ್ ಮದುವೆಯಾಗಿ ಮಕ್ಕಳ ತಾಯಿ ಆಗ್ತಾಳೆ. ಸೂಲಾ ಊರು ಬಿಟ್ಟು ಹೋಗಿ ಹತ್ತು ವರ್ಷಕ್ಕೆ ವಾಪಸ್ ಬರ್ತಾಳೆ. ಅವಳಿಗೆ ಗಂಡ ಬೇಡ, ಮಕ್ಕಳು ಬೇಡ. ಮೊದಲು ತನ್ನನ್ನೇ ತಾನು ರೂಪಿಸಿಕೊಳ್ಳಬೇಕು ಅನ್ನೋ ಹಟ. ಊರಿಗೆಲ್ಲಾ ಅವಳು ಮಾರಿ. ತಮಾಷೆ ಅಂದರೆ, ಸೂಲಾಳ ಭಯಕ್ಕೆ ಊರ ತಾಯಂದಿರೆಲ್ಲಾ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ತಾರೆ! ಅವಳು ಸತ್ತ ಮೇಲೆ ಮತ್ತೆ ಹೊಡೆಯೋಕೆ ಶುರು ಮಾಡ್ತಾರೆ.

ಸೂಲಾ ನೆಲ್‌ಳ ಗಂಡನ ಜೊತೆ ಮಲಗ್ತಾಳೆ. ಗಂಡ ಮನೆ ಬಿಟ್ಟು ಹೋಗ್ತಾನೆ. ಗೆಳೆತನ ಮುರೀತು. 1940ರಲ್ಲಿ ಸೂಲಾ ಒಬ್ಬಳೇ ಸಾಯ್ತಾಳೆ. ಕೊನೆಯ ಅಧ್ಯಾಯ 1965. ಮುದುಕಿಯಾಗ್ತಿರೋ ನೆಲ್ ಸ್ಮಶಾನದಿಂದ ವಾಪಸ್ ಬರುವಾಗ ಅವಳಿಗೆ ಅರಿವಾಗುತ್ತೆ: ಇಷ್ಟು ವರ್ಷ ಎದೆಯಲ್ಲಿ ಇದ್ದ ನೋವು ಗಂಡ ಹೋದದ್ದಕ್ಕಲ್ಲ, ಗೆಳತಿ ಹೋದದ್ದಕ್ಕೆ. ಇಪ್ಪತ್ತೈದು ವರ್ಷ ಬೇಕಾಯ್ತು ಅವಳಿಗೆ. ನಾವು ಇದನ್ನು ರಾತ್ರಿ ಎರಡು ಗಂಟೆಗೆ ಓದಿ ಮುಗಿಸಿದ್ದು. ಗಂಡ ಸತ್ತಾಗ ಹೆಂಗಸು ಅಳೋದಕ್ಕೆ ನಮ್ಮಲ್ಲಿ ಹಾಡಿದೆ, ಪದ್ಧತಿ ಇದೆ, ಜನ ಬರ್ತಾರೆ. ಗೆಳತಿ ಸತ್ತರೆ ಅಳೋಕೆ ಏನಿದೆ? ಮೂರನೇ ದಿನ ಕೂಲಿಗೆ ಹೋಗು ಅಂತಾರೆ.

ಈಗ ನಿಮ್ಮಲ್ಲಿ ಯಾರಾದರೂ ಎದ್ದು ಕೇಳಬಹುದು. ಭೂಮಿ ಪ್ರಶ್ನೆ ಇದೆ, ಸ್ಕಾಲರ್‌ಶಿಪ್ ಬಂದಿಲ್ಲ, ಹಾಸ್ಟೆಲ್ ಅನ್ನದಲ್ಲಿ ಹುಳ ಇದೆ, ಇಂಥಾ ಹೊತ್ತಲ್ಲಿ ಹೆಂಗಸರ ಗೆಳೆತನದ ಮಾತು ಹೋರಾಟ ಹೇಗಾಗುತ್ತೆ ಅಂತ. ಈ ಪ್ರಶ್ನೆ ಅಲ್ಲೂ ಕೇಳಿದ್ದರು. ಝೋರಾ ನೀಲ್ ಹರ್ಸ್ಟನ್ ಅನ್ನೋ ಲೇಖಕಿ 1937ರಲ್ಲಿ ಒಂದು ಕಾದಂಬರಿ ಬರೆದರು. ಮೂರು ಮದುವೆ ಕಂಡ ಜೇನೀ ಅನ್ನೋ ಹೆಂಗಸು ಊರಿಗೆ ವಾಪಸ್ ಬಂದು, ಮೆಟ್ಟಿಲ ಮೇಲೆ ಕೂತು, ಇಡೀ ಬದುಕನ್ನು ಗೆಳತಿಗೆ ಹೇಳ್ತಾಳೆ. ಊರಿನ ಜನಕ್ಕೆ ಅಲ್ಲ, ಕೋರ್ಟಿಗೆ ಅಲ್ಲ, ಗೆಳತಿಗೆ. ರಿಚರ್ಡ್ ರೈಟ್ ಆಗ ಎಡಪಂಥದ ದೊಡ್ಡ ಕರಿಯ ಲೇಖಕರಾಗಿ ಬೆಳೀತಿದ್ದವರು. ಇದರಲ್ಲಿ ಸಂದೇಶವೂ ಇಲ್ಲ, ವಿಚಾರವೂ ಇಲ್ಲ ಅಂತ ವಿಮರ್ಶೆ ಬರೆದುಬಿಟ್ಟರು. ರೈಟ್ ದೊಡ್ಡವರೇ, ನಮಗೂ ಗೌರವ ಇದೆ. ಆದರೆ ಈ ಮಾತಿನಲ್ಲಿ ನಮ್ಮ ಧ್ವನಿ ಕೇಳಿಸ್ತು, ಅದಕ್ಕೇ ಹೇಳ್ತಿದೀವಿ. ಹರ್ಸ್ಟನ್ 1960ರಲ್ಲಿ ಬಡತನದಲ್ಲಿ ಸತ್ತರು. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 1973ರಲ್ಲಿ ಆಲಿಸ್ ವಾಕರ್ ಅನ್ನೋ ಕಿರಿಯ ಲೇಖಕಿ ಫ್ಲಾರಿಡಾಗೆ ಹೋಗಿ, ನಾನು ಆಕೆಯ ಸೋದರ ಸೊಸೆ ಅಂತ ಸುಳ್ಳು ಹೇಳಿ, ಸೊಂಟದೆತ್ತರದ ಹುಲ್ಲಿನಲ್ಲಿ ಸಮಾಧಿ ಹುಡುಕಿ ಕಲ್ಲು ಹಾಕಿಸಿದರು. ಒಬ್ಬರನ್ನೊಬ್ಬರು ನೋಡೇ ಇರದ ಇಬ್ಬರು ಹೆಂಗಸರ ಗೆಳೆತನ ಇದು.

ಆ ವಾಕರ್ 1982ರಲ್ಲಿ 'ದಿ ಕಲರ್ ಪರ್ಪಲ್' ಬರೆದರು. ಸೀಲಿ ಅನ್ನೋ ಹೆಂಗಸಿನ ಎರಡು ಮಕ್ಕಳನ್ನೂ ಕಿತ್ತುಕೊಂಡಿದ್ದಾರೆ, ಗಂಡ ಹೊಡೀತಾನೆ. ಅವಳನ್ನು ಎತ್ತಿ ನಿಲ್ಲಿಸುವವರು ಹೆಂಗಸರು. ಒಂದು ಸಂಗತಿ ಮಾತ್ರ ಹೇಳ್ತೀವಿ. ಸೊಸೆ ಸೋಫಿಯಾ ಬಗ್ಗದವಳು. ಅವಳಿಗೆ ಹೊಡಿ ಅಂತ ಮಲಮಗನಿಗೆ ಸೀಲಿಯೇ ಹೇಳಿಕೊಡ್ತಾಳೆ. ಹೊಡೆಸಿಕೊಂಡವಳೇ ಹೊಡೆಸ್ತಾಳೆ. ಸೋಫಿಯಾ ಬಂದು ಎದುರು ನಿಂತು ಕೇಳಿದಾಗ, ನಿನ್ನ ಧೈರ್ಯ ನೋಡಿ ಹೊಟ್ಟೆ ಉರೀತು ಅಂತ ಒಪ್ಪಿಕೊಳ್ತಾಳೆ. ಆಮೇಲೆ ಇಬ್ಬರೂ ಕೂತು ಕೌದಿ ಹೊಲೀತಾರೆ. ಈ ಪುಸ್ತಕಕ್ಕೆ, 1985ರಲ್ಲಿ ಬಂದ ಅದರ ಸಿನಿಮಾಕ್ಕೆ, ಕರಿಯ ಗಂಡಸರನ್ನು ಕೆಟ್ಟವರನ್ನಾಗಿ ತೋರಿಸಿದ್ದಾರೆ ಅಂತ ದೊಡ್ಡ ಗಲಾಟೆ ಆಯ್ತು. ನಮ್ಮ ಮನೆ ವಿಷಯ ಬಿಳಿಯರ ಮುಂದೆ ಯಾಕೆ ಅಂತ. ಆ ಮಾತು ಪೂರಾ ಸುಳ್ಳೂ ಅಲ್ಲ, ಮೇಲಿನವರು ಅದನ್ನು ಬಳಸಿಕೊಳ್ತಾರೆ. ಆದರೆ ಹೊಡೆತ ತಿಂದವಳು ಇನ್ನೆಷ್ಟು ವರ್ಷ ಕಾಯಬೇಕು?

ಈ ಲೇಖಕಿಯರೂ ಒಂಟಿಯಾಗಿ ಬರೆದವರಲ್ಲ. 1977ರಲ್ಲಿ ವಾಕರ್, ಜೂನ್ ಜೋರ್ಡಾನ್, ಮಾರಿಸನ್ ಮುಂತಾದವರು ನ್ಯೂಯಾರ್ಕಿನಲ್ಲಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ತಮ್ಮ ಗುಂಪನ್ನು ಸೋದರಿಯರ ಬಳಗ ಅಂತಲೇ ಕರಕೊಂಡರು. ಉಂಡು, ಮಾತಾಡಿ, ಯಾರ ಪುಸ್ತಕ ಯಾರು ಅಚ್ಚು ಹಾಕ್ತಾರೆ ಅಂತ ಲೆಕ್ಕ ಹಾಕುತ್ತಿದ್ದರು.

ಹತ್ತಿರಕ್ಕೆ ಬರೋಣ. ಮಹಾರಾಷ್ಟ್ರದ ಫಲ್ಟಣದಲ್ಲಿ ಬೇಬಿ ಕಾಂಬಳೆ ಅಂತ ಒಬ್ಬಾಕೆ ಇದ್ದರು. ಸಣ್ಣ ಅಂಗಡಿ. ಸಾಮಾನು ಕಟ್ಟೋಕೆ ತಂದ ಹಳೇ ಪೇಪರು ಓದಿ ಓದಿ, ಬರೆಯೋಕೆ ಶುರು ಮಾಡಿದರು. ಬರೆದ ಹಾಳೆಗಳನ್ನು ಗಂಡನ ಕಣ್ಣಿಗೆ ಬೀಳದ ಹಾಗೆ ಸುಮಾರು ಇಪ್ಪತ್ತು ವರ್ಷ ಮುಚ್ಚಿಟ್ಟರು. ಆ ಗಂಡನೂ ಬಾಬಾಸಾಹೇಬರ ಅನುಯಾಯಿಯೇ. 1986ರಲ್ಲಿ 'ಜಿಣ ಆಮುಚಂ' ಪುಸ್ತಕ ಆಯ್ತು. ಆತ್ಮಕತೆ ಅಂತಾರೆ, ಆದರೆ ಹೆಚ್ಚಿನ ಕಡೆ ಆಕೆ 'ನಾನು' ಅನ್ನೋದಿಲ್ಲ, 'ನಾವು' ಅಂತಾರೆ. ಕೇರಿಯ ಹೆರಿಗೆ ಹೇಗಿತ್ತು, ಎಳೇ ಹುಡುಗಿಯರು ಹೇಗೆ ಹೆತ್ತು ಸಾಯ್ತಿದ್ದರು, ಬಾಣಂತಿಯ ಹಸಿವು ಎಂಥದ್ದು, ಸೊಸೆಯನ್ನು ಅತ್ತೆ ಹೇಗೆ ಅರೆಯುತ್ತಿದ್ದಳು, ಓಡಿಹೋಗದಂತೆ ಅವಳ ಕಾಲಿಗೆ ಮರದ ಕೊರಡು ಹೇಗೆ ಹಾಕುತ್ತಿದ್ದರು, ಎಲ್ಲಾ ಬರೆದಿದ್ದಾರೆ. ಕೊರಡು ಹಾಕಿದವರು ಬ್ರಾಹ್ಮಣರಲ್ಲ ಗೆಳೆಯರೇ, ನಮ್ಮವರೇ.

ಊರ್ಮಿಳಾ ಪವಾರ್, ಮೀನಾಕ್ಷಿ ಮೂನ್ ಇನ್ನಿಬ್ಬರು. ಬಾಬಾಸಾಹೇಬರ ಚಳವಳಿಯಲ್ಲಿದ್ದ ಹೆಂಗಸರು ಎಲ್ಲಿ ಹೋದರು ಅಂತ ಇಬ್ಬರೂ ಸೇರಿ ಹುಡುಕಿದರು. ಮುದುಕಿಯರ ಮುಂದೆ ಕೂತು ಕೇಳಿ ಬರೆದುಕೊಂಡರು. 1989ರಲ್ಲಿ ಅದು ಪುಸ್ತಕ ಆಯ್ತು, ನಾವೂ ಇತಿಹಾಸ ಕಟ್ಟಿದೆವು ಅನ್ನೋ ಅರ್ಥದ ಹೆಸರು. ಭಾಷಣ ಮಾಡಿದ ಗಂಡಸರ ಹೆಸರು ದಾಖಲೆಯಲ್ಲಿತ್ತು, ಆ ಸಭೆಗೆ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದು ಬಂದವರ ಹೆಸರು ಇರಲಿಲ್ಲ. ಇಬ್ಬರು ಗೆಳತಿಯರು ಹೋಗಿ ಕೇಳಿದ್ದರಿಂದ ಉಳೀತು. ಪವಾರ್ ಆಮೇಲೆ 2003ರಲ್ಲಿ 'ಆಯದಾನ್' ಅಂತ ತಮ್ಮ ಕತೆ ಬರೆದರು. ತಾಯಿ ಬಿದಿರಿನ ಬುಟ್ಟಿ ಹೆಣೆಯುತ್ತಿದ್ದಳು. ತಾನು ಬರೆಯೋದೂ ಅದೇ ಹೆಣಿಗೆ ಅಂತಾರೆ.

ನಮ್ಮ ಪದ್ಯದ ವಿಷಯ ಏನಾಯ್ತು ಅಂತ ಕೇಳ್ತೀರಿ. ಮೊನ್ನೆ ಮತ್ತೆ ಊರಿಗೆ ಹೋಗಿದ್ದೆವು. ಹಿಂದಿನ ಗುಡಿಸಲಿಗೆ ಹೋಗಿ ಅತ್ತೆಯ ಹತ್ತಿರ ಕೂತು, ನೋಟ್‌ಬುಕ್ ತೆಗೆದು, ಅವ್ವನ ಬಗ್ಗೆ ಹೇಳತ್ತೆ ಅಂದೆವು. ಆಕೆ ನಕ್ಕಳು. ಅವ್ವ ಚಿಕ್ಕವಳಿದ್ದಾಗ ಈಜು ಬರ್ತಿತ್ತಂತೆ! ನಮಗೆ ಗೊತ್ತಿರಲಿಲ್ಲ. ಇಬ್ಬರೂ ಕದ್ದು ಕೆರೆಗೆ ಹೋಗಿ, ಮೇಲಿನೋರ ಕಟ್ಟೆ ಕಡೆಯೇ ಇಳಿದು, ಸಿಕ್ಕಿಬಿದ್ದು ಏಟು ತಿಂದಿದ್ದರಂತೆ. ಮೂರನೇ ಬಸಿರಲ್ಲಿ ಅವ್ವ ನನಗೆ ಬ್ಯಾಡ ಕಣಕ್ಕ ಅಂತ ಆಕೆಯ ತೊಡೆ ಮೇಲೆ ತಲೆ ಇಟ್ಟು ರಾತ್ರಿಯೆಲ್ಲಾ ಅತ್ತಿದ್ದಳಂತೆ. ಆ ಮೂರನೇ ಬಸಿರು ನಾವೇ. ಹೇಳಿ ಆದ ಮೇಲೆ ಅತ್ತೆ, ಇದನ್ನ ಬರೀಬ್ಯಾಡ ಮಗ, ನಿಮ್ಮವ್ವ ಬೇಜಾರು ಮಾಡ್ಕತಾಳೆ ಅಂದಳು. ಅವ್ವನನ್ನೇ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ಳು ಹೇಳವ್ಳೆ ಅಂದ್ಮೇಲೆ ಬರ್ಕೊ" ಅಂದಳು.

ಇನ್ನೂ ಬರೆಯೋಕಾಗಿಲ್ಲ. ಎರಡು ಸಲ ಕೂತೆವು, ಸೂರ್ಯ ಮತ್ತೆ ಬಂದುಬಿಟ್ಟ, ಹರಿದು ಹಾಕಿದೆವು.

'ಸೂಲಾ' ಪುಸ್ತಕ ಒಂದೇ ಪ್ರತಿ ಇದೆ, ಇಂಗ್ಲಿಷಿನದ್ದು, ಕೆಲವು ಹಾಳೆ ಬಿಟ್ಟುಕೊಂಡಿವೆ. ಮೊದಲು ಲೇಡೀಸ್ ಹಾಸ್ಟೆಲಿಗೆ ಕೊಡ್ತೀವಿ. ಇಬ್ಬಿಬ್ಬರು ಸೇರಿ ಡಿಕ್ಷನರಿ ಇಟ್ಟುಕೊಂಡು ಓದಿ, ಗೊತ್ತಾಗದ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಹುಡುಗರ ಸರದಿ ಆಮೇಲೆ.